ಮುದಿ ನಾಯಿಗೆ ಆಪರೇಷನ್ ಯಾಕೆ ಎಂದವರಿಗೆ



ಹೋದ ತಿಂಗಳು ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದಾಗ ಎದುರು ಸಾಲಿನಲ್ಲಿ ಕುಳಿತಿದ್ದ, ವರಸೆಯಲ್ಲಿ ತಮ್ಮನಾಗಬೇಕಾದವನು, ಎಲ್ಲರಿಗೂ ಕೇಳುವಂತೆ, "ಅಕ್ಕಾ, ಆ ಮುದಿ ನಾಯಿಯ ಆಪರೇಷನ್ನಿಗೆ ಇಪ್ಪತ್ತೆರಡು ಸಾವಿರ ಸುರಿದೆಯಂತಲ್ಲ! ಅದೇ ದುಡ್ಡಿನಲ್ಲಿ ಒಬ್ಬ ಬಡ ಹುಡುಗನ ಫೀಸು ಕಟ್ಟಬಹುದಿತ್ತು" ಎಂದ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಶುಭಕಾರ್ಯದ ಮನೆಯಲ್ಲಿ ವಾದ ಬೇಡವೆಂದು ನಾನೂ ನಕ್ಕು ಸುಮ್ಮನಾದೆ. ಆದರೆ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಪಾಠ ಹೇಳಿದವಳಿಗೆ ತಪ್ಪು ಉತ್ತರವನ್ನು ತಿದ್ದದೆ ಪುಟ ತಿರುವುವ ಅಭ್ಯಾಸವಿಲ್ಲ. ಅಂದು ಪಂಕ್ತಿಯಲ್ಲಿ ಹೇಳದೆ ಉಳಿದ ಮಾತನ್ನು ಇಂದು ಇಲ್ಲಿ ಹೇಳುತ್ತಿದ್ದೇನೆ.

ಮೊದಲಿಗೆ, ಈ ನಾಯಿ ನನ್ನದೊಬ್ಬಳದೇ ಅಲ್ಲವೆಂಬುದನ್ನು ನಿಮ್ಮಲ್ಲಿ ಕೆಲವರಿಗೆ ನೆನಪಿಸಬೇಕು. 2014ರ ಜುಲೈ ತಿಂಗಳ ಜಡಿಮಳೆಯಲ್ಲಿ, ಶಾಲೆಯ ಸೈಕಲ್ ಸ್ಟ್ಯಾಂಡಿನ ಹಿಂದೆ ನಡುಗುತ್ತಿದ್ದ ಅಂಗೈಯಗಲದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸ್ಟಾಫ್ ರೂಮಿಗೆ ತಂದವರು ಹತ್ತನೆಯ 'ಬಿ' ವಿಭಾಗದ ಮಕ್ಕಳು. "ಟೀಚರ್, ಒಂದು ದಿನ ಇಟ್ಟುಕೊಳ್ಳಿ" ಎಂದಿದ್ದಿರಿ. ಆ ಒಂದು ದಿನ ಇಂದಿಗೂ ಮುಗಿದಿಲ್ಲ. ಮೈಯೆಲ್ಲ ಕಂದು ಬಣ್ಣವಾದರೂ ಎದೆಯ ಮೇಲಿನ ಬಿಳಿ ಮಚ್ಚೆಯನ್ನು ನೋಡಿ ಬೆಳ್ಳಿ ಎಂದು ಹೆಸರಿಟ್ಟವರೂ ನೀವೇ. ನಾನು 2018ರಲ್ಲಿ ನಿವೃತ್ತಳಾದೆ. ಅದಾಗಿ ಎರಡು ವರ್ಷಕ್ಕೆ ನಮ್ಮ ಯಜಮಾನರು ತೀರಿಕೊಂಡರು. ಆ ಮೇಲೆ ಸಂಜೆ ಗೇಟಿನ ಸದ್ದಾದಾಗ ಮನೆಯೊಳಗಿಂದ ಎದ್ದು ಬರುವ ಜೀವವೆಂದರೆ ಅದೊಂದೇ.

2024ರ ನವೆಂಬರಿನಲ್ಲಿ ಬೆಳ್ಳಿ ಇದ್ದಕ್ಕಿದ್ದಂತೆ ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿದಳು. ರಾತ್ರಿ ಮೂರು ಸಲ ಎದ್ದು ಹೊರಗೆ ಹೋಗುವಳು. ಅನ್ನಕ್ಕೆ ಮೂಗೂ ತಾಗಿಸಲಿಲ್ಲ. ಹೊಟ್ಟೆ ಮಾತ್ರ ದಿನದಿಂದ ದಿನಕ್ಕೆ ಊದಿಕೊಂಡಂತೆ ಕಾಣುತ್ತಿತ್ತು. ಪಕ್ಕದ ಮನೆಯವರು ನಮ್ಮಲ್ಲೇ ಇದ್ದ ನೋವಿನ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ಕೊಡಲು ಹೇಳಿದರು. ಅದೃಷ್ಟವಶಾತ್ ಕೊಡಲಿಲ್ಲ. ಮನುಷ್ಯರ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು ಎಂಬುದು ನನಗೆ ಆಮೇಲೆ ತಿಳಿಯಿತು. ನಾಯಿ ಸಾಕಿದವರು ಇದೊಂದು ಮಾತನ್ನಾದರೂ ನೆನಪಿಡಬೇಕು.

ಮೊದಲು ಹೋದ ಕಡೆ, ಮೇಜಿನ ಆಚೆಗಿದ್ದವರು ಕುರ್ಚಿಯಿಂದ ಏಳಲೇ ಇಲ್ಲ. "ವಯಸ್ಸೆಷ್ಟು?" ಎಂದರು. "ಹತ್ತು" ಎಂದೆ. "ಹಾಗಾದರೆ ಇನ್ನೇನಿದೆ?" ಎಂದು ಎರಡು ಇಂಜೆಕ್ಷನ್ ಚುಚ್ಚಿಸಿ ಕಳುಹಿಸಿದರು. ಯಾವ ಔಷಧವೆಂದು ಚೀಟಿಯಲ್ಲಿ ಬರೆದುಕೊಡಲಿಲ್ಲ. ಮೈ ಮುಟ್ಟಿ ನೋಡಲಿಲ್ಲ, ಜ್ವರ ಅಳೆಯಲಿಲ್ಲ. ಎರಡು ದಿನ ವ್ಯರ್ಥವಾಯಿತು.

ಎರಡನೆಯ ಕಡೆ ಗಾಜಿನ ಬಾಗಿಲು, ತಂಪು ಗಾಳಿ, ಗೋಡೆಯ ತುಂಬ ವಿದೇಶಿ ನಾಯಿಗಳ ಚಿತ್ರ. ಅಲ್ಲಿ ಎಲ್ಲವೂ ಅವಸರ. "ಈಗಲೇ ಅಡ್ವಾನ್ಸ್ ಕಟ್ಟಿ, ಕೂಡಲೇ ಕೊಯ್ಯಬೇಕು" ಎಂದರು. ರೋಗದ ಹೆಸರೇನೆಂದು ಕೇಳಿದೆ. "ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ" ಎಂಬ ಉತ್ತರ ಬಂತು. ರಕ್ತಪರೀಕ್ಷೆಗೆ ನಾನೇ ಹಣ ಕೊಟ್ಟಿದ್ದೆ, ಅದರ ವರದಿಯನ್ನು ಕೇಳಿದರೆ "ಅದು ನಮ್ಮ ಬಳಿ ಇರಲಿ" ಎಂದರು. ನಾಯಿಯನ್ನು ಎತ್ತಿಕೊಂಡು ಹೊರಬಂದೆ. ಎಂಟನೆಯ ತರಗತಿಯ ಮಕ್ಕಳಿಗೆ ಸಂವಿಧಾನವನ್ನು ಅರ್ಥಮಾಡಿಸಿದವಳಿಗೆ ಒಂದು ರೋಗವನ್ನು ಅರ್ಥಮಾಡಿಸಲು ಆಗದೆಂದರೆ, ಕೊರತೆ ಕೇಳುವವಳದಲ್ಲ.

ಮೂರನೆಯವರು ಜಿಲ್ಲಾ ಕೇಂದ್ರದ ಹಳೆಯ ಬೀದಿಯೊಂದರಲ್ಲಿ ಎರಡು ಕೋಣೆಯ ಚಿಕಿತ್ಸಾಲಯ ನಡೆಸುವ ಯುವಕ. ಹಿಂದೆ ಅಲ್ಲಿಗೆ ತನ್ನ ಎಮ್ಮೆಯ ಕರುವನ್ನು ಒಯ್ದಿದ್ದ ಹಾಲಿನವನು ಹೇಳಿ ಕಳುಹಿಸಿದ. ಆ ವೈದ್ಯರು ಬೆಳ್ಳಿಯ ಮುಂದೆ ನೆಲದ ಮೇಲೆಯೇ ಕುಳಿತರು. ತೂಕ ನೋಡಿದರು, ಜ್ವರ ಅಳೆದರು, ತುಟಿ ಎತ್ತಿ ಒಸಡಿನ ಬಣ್ಣ ನೋಡಿದರು, ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ಅಮ್ಮಾ, ಇದು ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ?" ದಸರೆಯ ಹೊತ್ತಿಗೆ ಎಂದೆ. "ಸಂತಾನಹರಣ ಮಾಡಿಸಿಲ್ಲ, ಅಲ್ಲವೇ?" ಎಂದರು. ನಾನು ತಲೆತಗ್ಗಿಸಿದೆ.

ಸ್ಕ್ಯಾನಿಂಗಿನಲ್ಲಿ ಸಂಶಯ ನಿಜವಾಯಿತು. ಗರ್ಭಕೋಶದಲ್ಲಿ ಕೀವು ತುಂಬಿತ್ತು. ಪಯೋಮೆಟ್ರಾ ಎಂದು ಅದರ ಹೆಸರು. ಸಂತಾನಹರಣ ಮಾಡಿಸದ, ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಇದು ಹೆಚ್ಚು. ಬೆದೆ ಮುಗಿದ ಕೆಲವು ವಾರಗಳಲ್ಲಿ ಹಾರ್ಮೋನಿನ ಪ್ರಭಾವದಿಂದ ಗರ್ಭಕೋಶದ ಒಳಪದರ ದಪ್ಪವಾಗಿರುತ್ತದೆ, ಒಳಸೇರಿದ ರೋಗಾಣು ಅಲ್ಲಿ ಬೆಳೆಯುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಬರಲು ದಾರಿಯಿರುವುದಿಲ್ಲ, ವಿಷ ರಕ್ತಕ್ಕೆ ಸೇರುತ್ತದೆ. ಆ ವಿಷದಿಂದ ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡುವ ಶಕ್ತಿ ಕುಗ್ಗುವುದರಿಂದಲೇ ನಾಯಿ ಅಷ್ಟೊಂದು ನೀರು ಕುಡಿಯುವುದು. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯುವುದೇ ಇದಕ್ಕೆ ಸರಿಯಾದ ಚಿಕಿತ್ಸೆ. ಇದನ್ನೆಲ್ಲ ಅವರು ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದು ಹತ್ತು ನಿಮಿಷದಲ್ಲಿ ವಿವರಿಸಿದರು. ನನಗೆ ಅರ್ಥವಾಯಿತು!

"ಬದುಕುತ್ತದೆಯೇ?" ಎಂದೆ. "ಖಂಡಿತ ಎಂದು ಹೇಳಲಾರೆ ಅಮ್ಮಾ. ಆಪರೇಷನ್ ಮಾಡದಿದ್ದರೆ ಉಳಿಯುವುದು ಬಹಳ ಕಷ್ಟ. ಮಾಡಿದರೆ ಅವಕಾಶ ಚೆನ್ನಾಗಿದೆ. ವಯಸ್ಸಿಗಿಂತ ಮೂತ್ರಪಿಂಡದ ಸ್ಥಿತಿ ಮುಖ್ಯ" ಎಂದರು. ರಕ್ತಪರೀಕ್ಷೆ ಮಾಡಿಸಿ ವರದಿಯನ್ನು ನನ್ನ ಕೈಗೇ ಕೊಟ್ಟರು. ರಾತ್ರಿಯಿಡೀ ಡ್ರಿಪ್ ಮತ್ತು ಆಂಟಿಬಯೋಟಿಕ್ ಕೊಟ್ಟು, ಮೈ ಸ್ವಲ್ಪ ಸುಧಾರಿಸಿದ ಮೇಲೆ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಿದರು. ಹೊರತೆಗೆದ ಗರ್ಭಕೋಶದ ತೂಕ ಒಂದೂವರೆ ಕಿಲೋ. ಹದಿನೆಂಟು ಕಿಲೋದ ನಾಯಿ ಅಷ್ಟು ವಿಷವನ್ನು ಹೊತ್ತುಕೊಂಡೂ ನಾನು ಬಂದಾಗಲೆಲ್ಲ ಬಾಲ ಅಲ್ಲಾಡಿಸುತ್ತಿತ್ತು.

ಇನ್ನು ನನ್ನ ತಪ್ಪಿನ ಮಾತು. ಪರರ ತಪ್ಪನ್ನು ಎಣಿಸುವವಳು ತನ್ನದನ್ನು ಮುಚ್ಚಿಡಬಾರದು. ಬೆಳ್ಳಿ ಚಿಕ್ಕವಳಿದ್ದಾಗಲೇ ಊರಿನ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ಸಂತಾನಹರಣ ಮಾಡಿಸಲು ಹೇಳಿದ್ದರು. "ಪಾಪ, ಒಂದು ಸಲವಾದರೂ ತಾಯಿಯಾಗಲಿ" ಎಂದು ನಾನು ಮುಂದೂಡಿದೆ. ಹಾಗೇ ಮುಂದೂಡುತ್ತ ಹತ್ತು ವರ್ಷ ಕಳೆಯಿತು. ಆ ಸಣ್ಣ ಶಸ್ತ್ರಚಿಕಿತ್ಸೆಯನ್ನು ಆರೋಗ್ಯವಾಗಿದ್ದಾಗ ಮಾಡಿಸಿದ್ದರೆ ಈ ದೊಡ್ಡದು ಬೇಕಾಗುತ್ತಿರಲಿಲ್ಲ. ನಾನು ಕರುಣೆಯೆಂದು ತಿಳಿದದ್ದು ಬರಿಯ ಆಲಸ್ಯವಾಗಿತ್ತು. ಮನೆಯಲ್ಲಿ ಹೆಣ್ಣು ನಾಯಿ ಇರುವವರು ಈ ಲೇಖನವನ್ನು ಓದಿ ಮುಗಿಸಿ, ನಾಳೆಯೇ ಒಬ್ಬ ವೈದ್ಯರನ್ನು ಕಂಡರೆ, ನನ್ನ ತಪ್ಪಿನಿಂದ ಅಷ್ಟಾದರೂ ಪ್ರಯೋಜನವಾದೀತು.

ಈಗ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗೆ ಬರುತ್ತೇನೆ.

'ಬಡ ಹುಡುಗನ ಫೀಸು' ಎಂಬುದು ಗಟ್ಟಿಯಾದ ವಾದದಂತೆ ಕಾಣುತ್ತದೆ. ಆದರೆ ಅದು ನಾಯಿಯ ವಿಷಯ ಬಂದಾಗ ಮಾತ್ರ ಏಕೆ ಹೊರಬರುತ್ತದೆ? ಅಂದು ಅದೇ ಮನೆಯ ಬಾಗಿಲಿಗೆ ಕಟ್ಟಿದ್ದ ಹೂವಿನ ಅಲಂಕಾರಕ್ಕೆ ಮೂವತ್ತು ಸಾವಿರವಾಯಿತೆಂದು ಅವರೇ ಹೆಮ್ಮೆಯಿಂದ ಹೇಳಿದರು. ಸಂಜೆಗೆ ಆ ಹೂವು ತಿಪ್ಪೆ ಸೇರಿತು. ಆಗ ಬಡ ಹುಡುಗ ಯಾರಿಗೂ ನೆನಪಾಗಲಿಲ್ಲ. ಫೀಸಿನ ಮಾತು ಎತ್ತಿದವರಿಗೆ ಒಂದೇ ಕೋರಿಕೆ: ಆ ಹುಡುಗನನ್ನು ಕರೆತನ್ನಿ, ಅರ್ಧ ನೀವು ಕಟ್ಟಿ, ಅರ್ಧ ನಾನು ಕಟ್ಟುತ್ತೇನೆ. ಒಂದು ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಮತ್ತೊಂದು ಕರ್ತವ್ಯವನ್ನು ಅಡ್ಡ ಹಿಡಿಯಬೇಡಿ.

'ಮುದಿಯಾಯಿತು, ಇನ್ನೇನು' ಎಂಬುದು ಎರಡನೆಯ ವಾದ. ನಮ್ಮಂಥ ಅರವತ್ತು ದಾಟಿದವರು ಈ ವಾದವನ್ನು ಕೇಳಿ ಸ್ವಲ್ಪ ಬೆಚ್ಚಬೇಕು. ಮುಪ್ಪು ರೋಗವಲ್ಲ. ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ಪರೀಕ್ಷಿಸಿ, ಅರಿವಳಿಕೆಯನ್ನು ತಡೆದುಕೊಳ್ಳುವ ಶಕ್ತಿ ಇದೆಯೇ ಇಲ್ಲವೇ ಎಂದು ನಿರ್ಧರಿಸುವುದು ವೈದ್ಯಶಾಸ್ತ್ರ. ಹುಟ್ಟಿದ ವರ್ಷವನ್ನಷ್ಟೇ ಕೇಳಿ ಕೈತೊಳೆದುಕೊಳ್ಳುವುದು ವೈದ್ಯಶಾಸ್ತ್ರವಲ್ಲ.

ಇದರ ಅರ್ಥ ಎಲ್ಲ ಮುದಿ ನಾಯಿಗಳನ್ನೂ ಆಪರೇಷನ್ ಮೇಜಿನ ಮೇಲೆ ಮಲಗಿಸಬೇಕೆಂದಲ್ಲ. ಗುಣವಾಗುವ ಆಸೆಯಿಲ್ಲದೆ ಬರಿಯ ನರಳಾಟವನ್ನು ಎಳೆಯುವುದು ಪ್ರೀತಿಯಲ್ಲ, ಅದು ನಮ್ಮ ಸ್ವಾರ್ಥ. ಅಂಥ ಸಂದರ್ಭದಲ್ಲಿ ನೋವಿಲ್ಲದೆ ಕಳುಹಿಸಿಕೊಡುವುದೂ ವೈದ್ಯಧರ್ಮವೇ. ಸಾಲ ಮಾಡಿ ಮನೆ ಮುಳುಗಿಸಿಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಕೈಯಲ್ಲಿ ಹಣವಿಲ್ಲದವರಿಗೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹಣವಿದ್ದೂ, ಅವಕಾಶವಿದ್ದೂ, 'ನಾಯಿ ತಾನೆ' ಎಂದು ಮುಖ ತಿರುಗಿಸುವುದನ್ನಷ್ಟೇ ನಾನು ತಪ್ಪೆನ್ನುತ್ತಿರುವುದು.

ನಂಬಿಕೆಯ ವೈದ್ಯರನ್ನು ಗುರುತಿಸುವುದು ಹೇಗೆ ಎಂದು ಹಲವರು ಫೋನಿನಲ್ಲಿ ಕೇಳಿದ್ದೀರಿ. ಕಟ್ಟಡ ನೋಡಬೇಡಿ, ಕೈ ನೋಡಿ. ಪ್ರಾಣಿಯನ್ನು ಮುಟ್ಟಿ ಪರೀಕ್ಷಿಸುತ್ತಾರೆಯೇ? ರೋಗದ ಹೆಸರನ್ನೂ ಔಷಧದ ಹೆಸರನ್ನೂ ಬರೆದುಕೊಡುತ್ತಾರೆಯೇ? ಖರ್ಚಿನ ಅಂದಾಜನ್ನು ಮೊದಲೇ ಹೇಳುತ್ತಾರೆಯೇ? ಮತ್ತೊಬ್ಬರನ್ನು ಕೇಳಿ ಬರುತ್ತೇನೆಂದರೆ ಸಿಟ್ಟಾಗುತ್ತಾರೆಯೇ? ಅರಿವಳಿಕೆ ಕೊಡುವವರು ಯಾರು, ರಾತ್ರಿ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ನೇರ ಉತ್ತರವಿದೆಯೇ? ತಿಳಿಯದ್ದನ್ನು ತಿಳಿಯದೆಂದು ಒಪ್ಪುತ್ತಾರೆಯೇ? 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಕಾಯಿದೆಯ ಪ್ರಕಾರ ಪಶುವೈದ್ಯ ವೃತ್ತಿ ಮಾಡುವವರು ನೋಂದಾಯಿತರಾಗಿರಬೇಕು. ಆ ನೋಂದಣಿಯನ್ನು ಕೇಳಿ ನೋಡುವುದು ಅವಮಾನವಲ್ಲ. ಮುಖ್ಯವಾಗಿ, ಈ ಹುಡುಕಾಟವನ್ನು ನಾಯಿ ಆರೋಗ್ಯವಾಗಿದ್ದಾಗಲೇ ಮಾಡಿ. ಅದು ನರಳುತ್ತಿರುವಾಗ ಮೂರು ಬಾಗಿಲು ಅಲೆದವಳ ಮಾತಿದು. ಒಳ್ಳೆಯವರು ಸಿಕ್ಕರೆ ಅವರ ಶುಲ್ಕಕ್ಕೆ ಚೌಕಾಸಿ ಮಾಡಬೇಡಿ. ಮಾತನಾಡಲಾರದ ರೋಗಿಯ ನೋವನ್ನು ಬೆರಳ ತುದಿಯಲ್ಲಿ ಓದುವುದು ಸಣ್ಣ ವಿದ್ಯೆಯಲ್ಲ.

ಹತ್ತನೆಯ ತರಗತಿಯಲ್ಲಿ ಮೂಲಭೂತ ಕರ್ತವ್ಯಗಳನ್ನು ನೀವು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಿರಿ. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿಯಲ್ಲಿ ಜೀವಿಗಳ ಬಗ್ಗೆ ಅನುಕಂಪ ಹೊಂದಿರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದಿದೆ. ಅಂದು ಅದಕ್ಕೆ ಒಂದು ಅಂಕ ಕೊಟ್ಟೆ. ಅದರ ನಿಜವಾದ ಪರೀಕ್ಷೆ ಎಷ್ಟು ಕಠಿಣವೆಂದು ನನಗೇ ತಿಳಿದದ್ದು ಆ ರಾತ್ರಿ, ಡ್ರಿಪ್ಪಿನ ಹನಿ ಎಣಿಸುತ್ತ ಕುಳಿತಾಗ.

ಇನ್ನೊಂದು ಪಾಠವೂ ನೆನಪಿರಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮಣಲೇರ ತೋರಿದ ಪರಾಕ್ರಮಕ್ಕೆ ಮೆಚ್ಚಿದ ಅರಸ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಾಗ, ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು, ಭೂಮಿಯನ್ನೂ ದತ್ತಿ ಬಿಟ್ಟರು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ಇದನ್ನು ಕಂಡು ಯಾವ ಪಂಕ್ತಿ ನಕ್ಕಿತೋ ತಿಳಿಯದು. ನಕ್ಕವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ನಾಯಿಯ ಹೆಸರು ಉಳಿಯಿತು.

ಹನ್ನೆರಡನೆಯ ದಿನ ಬೆಳ್ಳಿಯ ಹೊಲಿಗೆ ಬಿಚ್ಚಿದರು. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕಿದ್ದ ಪ್ಲಾಸ್ಟಿಕ್ಕಿನ ಕೊರಳಪಟ್ಟಿ ಇನ್ನೂ ಅಟ್ಟದ ಮೇಲಿದೆ. ಈಗ ಹಿಂಗಾಲು ಸ್ವಲ್ಪ ಎಳೆಯುತ್ತಾಳೆ, ಎಡಗಣ್ಣಿಗೆ ಪೊರೆ ಬರುತ್ತಿದೆ. ಎಷ್ಟು ದಿನವೋ ಗೊತ್ತಿಲ್ಲ, ನನ್ನದೂ ಗೊತ್ತಿಲ್ಲ. ಇದನ್ನು ಬೆರಳಚ್ಚು ಮಾಡುತ್ತಿರುವಾಗ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದಾಳೆ.

ಹತ್ತನೆಯ 'ಬಿ' ವಿಭಾಗದವರೇ, ಹನ್ನೊಂದು ವರ್ಷದ ಹಿಂದೆ ಒಂದು ದಿನಕ್ಕೆಂದು ಬಿಟ್ಟುಹೋದಿರಿ. ಊರಿಗೆ ಬಂದಾಗ ಒಮ್ಮೆ ನೋಡಿ ಹೋಗಿ. ಅವಳಿಗೆ ನಿಮ್ಮ ವಾಸನೆ ಮರೆತಿರಲಾರದು.