ನಿಸ್ತಂತು ಜಾಲಕ್ಕೂ ಕೀಲಿ ಬೇಕು

ಊರಿಗೆ ಹೊರಟವನು ಮನೆಯ ಬಾಗಿಲಿಗೆ ಕೀಲಿ ಹಾಕದೆ ಹೋಗುವುದಿಲ್ಲ. ಆದರೆ ಅದೇ ಮನೆಯಲ್ಲಿ ರೌಟರ್ ಎಂಬ ಪುಟ್ಟ ಪೆಟ್ಟಿಗೆಯನ್ನಿಟ್ಟು, ಗೋಡೆಯಾಚೆಗೂ ತೆರೆದಿರುವ ಇನ್ನೊಂದು ಬಾಗಿಲನ್ನು ನಾವು ಮರೆತುಬಿಡುತ್ತೇವೆ.

"ಬಾಯಾರಿ ಬಂದವರಿಗೆ ನೀರು-ಬೆಲ್ಲ ಕೊಡುವ ನಾಡು ನಮ್ಮದು, ನೆರೆಯ ಹುಡುಗನಿಗೆ ವೈ-ಫೈ ಕೊಡದಿರುವುದು ಜಿಪುಣತನವಲ್ಲವೆ?" ಎಂದು ನಮ್ಮ ಪಾಳಾದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಮಾತಿನಲ್ಲಿ ಹುರುಳಿದೆ. ಆದರೆ ಕೊಟ್ಟ ನೀರು ಕೊಟ್ಟವನ ಹೆಸರನ್ನು ಹೊತ್ತು ತಿರುಗುವುದಿಲ್ಲ. ರೇಡಿಯೋ ಬರಿದೆ ಕೇಳಿಸುತ್ತದೆ. ವೈ-ಫೈಯಾದರೋ ನಮ್ಮ ಮನೆಯ ವಿಳಾಸದಿಂದ ಮಾತನ್ನೂ ಆಡುತ್ತದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷಗಳ ಮೊದಲು ಒಂದು ಇ-ಅಂಚೆ ಬಂದಿತು. ಅದರ ಜಾಡು ಹಿಡಿದ ಪೊಲೀಸರು ಮುಟ್ಟಿದ್ದು ನವಿ ಮುಂಬಯಿಯ ಒಂದು ಮನೆಯನ್ನು. ಆ ಮನೆಯ ವೈ-ಫೈಗೆ ರಕ್ಷಣೆಯಿರಲಿಲ್ಲ; ಅನ್ಯರು ಅದನ್ನು ಬಳಸಿಕೊಂಡಿದ್ದರು. ಮಾಡಿದವರು ಯಾರೋ, ವಿಚಾರಣೆಗೆ ಒಳಗಾದವರು ಇನ್ನಾರೋ!

ನಮ್ಮ ಮನೆಗೆ ಸಂಪರ್ಕ ಜೋಡಿಸಿದವರು ತಂದೆಯವರ ಮೊಬೈಲ್ ಸಂಖ್ಯೆಯನ್ನೇ ಗುಪ್ತಪದವಾಗಿಟ್ಟು ಹೋಗಿದ್ದರು. ಊರಿಗೆಲ್ಲ ತಿಳಿದ ಸಂಖ್ಯೆ ಗುಪ್ತವಾಗುವುದು ಹೇಗೆ?

ಇದನ್ನು ಸರಿಪಡಿಸಲು ಹಣ ಬೇಡ, ಅರ್ಧ ಗಂಟೆ ಸಾಕು. ಮೊದಲು, ರೌಟರಿನ ಒಳವ್ಯವಸ್ಥೆಗೆ ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಬದಲಿಸಬೇಕು. ವೈ-ಫೈಗೆ ಬೇರೆಯೇ ಆದ ಉದ್ದನೆಯ ಗುಪ್ತಪದವಿರಲಿ. ಸಂಬಂಧವಿಲ್ಲದ ನಾಲ್ಕೈದು ಶಬ್ದಗಳನ್ನು ಪೋಣಿಸಿದರೆ ನೆನಪಿಡಲೂ ಸುಲಭ. ಡಬ್ಲ್ಯುಇಪಿ ಎಂಬ ಹಳೆಯ ರಕ್ಷಣಾಕ್ರಮದ ದೌರ್ಬಲ್ಯ 2001ರಲ್ಲಿಯೇ ಬಯಲಾಯಿತು. ಆದುದರಿಂದ 2004ರ ಡಬ್ಲ್ಯುಪಿಎ-2, ಅನುಕೂಲವಿದ್ದರೆ 2018ರ ಡಬ್ಲ್ಯುಪಿಎ-3 ಆರಿಸಿಕೊಳ್ಳಬೇಕು. ಡಬ್ಲ್ಯುಪಿಎಸ್ ಎಂಬ ಸುಲಭ ಜೋಡಣೆಯ ಸೌಲಭ್ಯವನ್ನು ನಿಲ್ಲಿಸಿಡುವುದೇ ಲೇಸು. ರೌಟರನ್ನು ಬೀದಿಯ ಕಿಟಕಿಯಲ್ಲಿಡದೆ ನಡುಮನೆಯಲ್ಲಿ ಎತ್ತರಕ್ಕಿಟ್ಟರೆ ಮನೆಯ ಮೂಲೆಮೂಲೆಗೂ ಸಂಕೇತ ಚೆನ್ನಾಗಿ ತಲಪುತ್ತದೆ.

ಹಾಗಾದರೆ ನೆರೆಯ ಹುಡುಗನ ಗತಿ? ಅದಕ್ಕೂ ದಾರಿಯಿದೆ. ಅನೇಕ ರೌಟರುಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವಿರುತ್ತದೆ. ಬಂದವರನ್ನು ನಾವು ಪಡಸಾಲೆಯಲ್ಲಿ ಕೂಡಿಸಿ ಉಪಚರಿಸುತ್ತೇವೆಯೇ ಹೊರತು ತಿಜೋರಿಯ ಕೀಲಿಕೈ ಕೊಡುವುದಿಲ್ಲ. ಆದರೂ ಹೊರಗೆ ಕಾಣುವುದು ನಮ್ಮ ಮನೆಯ ವಿಳಾಸವೇ. ಆದುದರಿಂದ ನಂಬಿಗಸ್ತರಿಗೆ ಮಾತ್ರ ಕೊಟ್ಟು, ಆಗಾಗ ಗುಪ್ತಪದ ಬದಲಿಸುವುದು ಕ್ಷೇಮ.

ಆ ಹಿರಿಯರಿಗೂ ಇದನ್ನೇ ಹೇಳಿದೆ. ಅವರು ನಕ್ಕು, "ಹಾಗಾದರೆ ನಮ್ಮ ಮನೆಯದನ್ನೂ ಬಂದು ಸರಿಮಾಡಪ್ಪಾ" ಎಂದರು. ಮಿತ್ರರೇ, ರಜೆಗೆ ಊರಿಗೆ ಹೋದಾಗ ನೀವೂ ಇಂಥ ಒಂದೊಂದು ಮನೆಯ ಬಾಗಿಲು ಭದ್ರಪಡಿಸಿ ಬನ್ನಿರಿ. ಕಲಿತ ವಿದ್ಯೆಗೆ ಅದೂ ಒಂದು ಸಾರ್ಥಕತೆ.