ಕೆಂಪು, ಕಪ್ಪು, ನಡುವೆ ಒಂದು ಸೊನ್ನೆ



ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ಕಳೆದ ಬಾರಿ ನಡೆದದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಹತ್ತು ವರ್ಷಕ್ಕೊಮ್ಮೆ ಸಿಗುವ ಭಾಗ್ಯವೆಂದು ನಮ್ಮ ಮೆಟ್ಟೂರಿನ ಕಡೆಯಿಂದಲೂ ಜನ ಹೋಗಿ ಬಂದರು. ಹೋದವರು ದೇವಾಲಯಗಳ ಬಗ್ಗೆ ಎಷ್ಟು ಹೇಳುತ್ತಾರೋ, ಪಣಜಿಯ ಮಾಂಡೋವಿ ನದಿಯಲ್ಲಿ ರಾತ್ರಿಯೆಲ್ಲ ಬಣ್ಣದ ದೀಪ ಹೊತ್ತು ನಿಂತಿರುವ ಹಡಗುಗಳ ಬಗ್ಗೆಯೂ ಅಷ್ಟೇ ಹೇಳುತ್ತಾರೆ. ಅವು ಕ್ಯಾಸಿನೊಗಳು, ಅಂದರೆ ಪರವಾನಗಿ ಪಡೆದ ಜೂಜುಕಟ್ಟೆಗಳು. ಗೋವಾ ತನ್ನ 1976ರ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಇವಕ್ಕೆ ಅವಕಾಶ ಕೊಟ್ಟಿದೆ. ತಮಿಳುನಾಡಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಅವಕ್ಕೆ ಅನುಮತಿಯಿಲ್ಲ.

ಇತ್ತೀಚೆಗೆ ಭಾನುವಾರದ ಪೂಜೆಯ ನಂತರ ಒಬ್ಬ ಯುವಕ ನನ್ನನ್ನು ದೇವಾಲಯದ ಅಂಗಳದಲ್ಲಿ ನಿಲ್ಲಿಸಿಕೊಂಡ. (ಪಾಪನಿವೇದನೆಯಲ್ಲಿ ಅಲ್ಲ, ಅಂಗಳದಲ್ಲಿ, ಅದಕ್ಕೇ ಬರೆಯುತ್ತಿದ್ದೇನೆ, ಬರೆಯಬಹುದೆಂದು ಅವನೂ ಒಪ್ಪಿದ್ದಾನೆ.) ಕೈಯಲ್ಲಿ ಒಂದು ನೋಟ್‌ಬುಕ್ಕು. "ಸ್ವಾಮಿ, ಇದರಲ್ಲಿ ತಪ್ಪು ಎಲ್ಲಿದೆ ಹೇಳಿ ನೋಡೋಣ. ಕೆಂಪಿನ ಮೇಲೆ ನೂರು ಕಟ್ಟೋದು. ಸೋತರೆ ಇನ್ನೂರು. ಮತ್ತೆ ಸೋತರೆ ನಾನೂರು. ಯಾವಾಗಲಾದರೂ ಒಂದು ಸಲ ಕೆಂಪು ಬರಲೇಬೇಕಲ್ಲ? ಬಂದ ಕೂಡಲೇ ಹೋದದ್ದೆಲ್ಲ ವಾಪಸ್ಸು, ಮೇಲೆ ನೂರು ಲಾಭ." ಗೋವಾದಲ್ಲಿ ಒಂದು ರಾತ್ರಿ ಎರಡೂವರೆ ಸಾವಿರ ಗೆದ್ದಿದ್ದನಂತೆ. ಊರಿಗೆ ಬಂದಮೇಲೆ ಮೊಬೈಲಿನಲ್ಲಿ ಅದೇ ಆಟ ಮುಂದುವರಿಸಿದ್ದಾನೆ. ಹೆಂಡತಿಯ ಒಂದು ಜೊತೆ ಬಳೆ ಗಿರವಿ ಅಂಗಡಿ ಸೇರಿದೆ ಎಂಬುದು ಮಾತಿನ ಕೊನೆಯಲ್ಲಿ ಹೊರಬಂತು.

ಅವನ ಪ್ರಶ್ನೆ ಲೆಕ್ಕದ ಪ್ರಶ್ನೆ. ಲೆಕ್ಕದಲ್ಲೇ ಉತ್ತರ ಕೊಡುವುದು ನ್ಯಾಯ.

ರೂಲೆಟ್ ಎಂಬುದು ಒಂದು ತಿರುಗುವ ಚಕ್ರ. ಅದರಲ್ಲಿ 1ರಿಂದ 36ರವರೆಗೆ ಮನೆಗಳು. 18 ಕೆಂಪು, 18 ಕಪ್ಪು. ಚಿಕ್ಕ ಗುಂಡು ಯಾವ ಮನೆಯಲ್ಲಿ ಬೀಳುತ್ತದೋ ಅದು ಗೆಲ್ಲುತ್ತದೆ. ಕೆಂಪಿಗೆ ನೂರು ಕಟ್ಟಿ ಕೆಂಪು ಬಂದರೆ ನಿಮ್ಮ ನೂರರ ಜೊತೆಗೆ ಇನ್ನೊಂದು ನೂರು. ಸಮಸಮ ಎಂದು ಕಾಣುತ್ತದೆ. ಆದರೆ ಚಕ್ರದಲ್ಲಿ ಮೂವತ್ತೇಳನೆಯ ಮನೆಯೊಂದಿದೆ: ಹಸಿರು ಬಣ್ಣದ ಸೊನ್ನೆ. ಅದು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಗುಂಡು ಅಲ್ಲಿ ಬಿದ್ದರೆ ಕೆಂಪಿಗೆ ಕಟ್ಟಿದವನೂ ಕಪ್ಪಿಗೆ ಕಟ್ಟಿದವನೂ ಸಾಮಾನ್ಯವಾಗಿ ಇಬ್ಬರೂ ಸೋತರು.

37 ಸಲ ನೂರು ನೂರು ಕಟ್ಟಿದಿರಿ ಎನ್ನಿ. ಒಟ್ಟು 3,700 ರೂಪಾಯಿ. ಎಲ್ಲ ಮನೆಗಳೂ ಒಂದೊಂದು ಸಲ ಬಂದವೆಂದರೆ 18 ಸಲ ಗೆದ್ದು 3,600 ರೂಪಾಯಿ ಕೈಗೆ ಬರುತ್ತದೆ. ಉಳಿದ ನೂರು ಕಟ್ಟೆಯವನದು. ನೂರಕ್ಕೆ 2 ರೂಪಾಯಿ 70 ಪೈಸೆ. ಅಮೆರಿಕದ ಚಕ್ರಗಳಲ್ಲಿ ಎರಡು ಸೊನ್ನೆ ಇಟ್ಟಿರುತ್ತಾರೆ. ಅಲ್ಲಿ ಕಟ್ಟೆಯವನ ಪಾಲು ನೂರಕ್ಕೆ 5 ರೂಪಾಯಿ 26 ಪೈಸೆ. ಇದರಲ್ಲಿ ಮೋಸವೇನೂ ಬೇಕಿಲ್ಲ. ಚಕ್ರ ಪ್ರಾಮಾಣಿಕವಾಗಿದ್ದಷ್ಟೂ ಪಾಲು ಖಚಿತ.

"ಇಷ್ಟೇನಾ ಸ್ವಾಮಿ? ಬಡ್ಡಿಯವರು ಇದಕ್ಕಿಂತ ಜಾಸ್ತಿ ಕೇಳ್ತಾರೆ" ಎಂದ ಅವನು. ಎಲ್ಲರೂ ಎಡವುವುದು ಇಲ್ಲೇ. ಆ ಪಾಲು ಕತ್ತರಿಸುವುದು ನೀವು ಜೇಬಿನಲ್ಲಿ ತಂದ ಹಣದಿಂದಲ್ಲ, ನೀವು ಕಟ್ಟುವ ಪ್ರತಿ ಪಂದ್ಯದಿಂದ. ಸಾವಿರ ರೂಪಾಯಿ ತಂದವನು ಗೆದ್ದದ್ದನ್ನೇ ಮತ್ತೆ ಮತ್ತೆ ಕಟ್ಟುತ್ತಾ ನೂರರಂತೆ 200 ಸಲ ಆಡಿದರೆ ಕಟ್ಟಿದ್ದು ಒಟ್ಟು 20,000 ಆಯಿತು. ಅದರ 2.7 ಪಾಲು 540 ರೂಪಾಯಿ, ತಂದ ಹಣದ ಅರ್ಧಕ್ಕಿಂತ ಹೆಚ್ಚು. ನಮ್ಮ ಅಣೆಕಟ್ಟನ್ನೇ ನೋಡಿ. 120 ಅಡಿ ತುಂಬಿದಾಗ 93.47 ಟಿಎಂಸಿ ನೀರು. ಮಟ್ಟ ಒಂದು ದಿನ ಏರುತ್ತದೆ, ಒಂದು ದಿನ ಇಳಿಯುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬರುವುದಕ್ಕಿಂತ ಹೋಗುವುದು ಸ್ವಲ್ಪವೇ ಹೆಚ್ಚಾದರೂ ಸಾಕು, ಒಂದು ಬೇಸಿಗೆಯಲ್ಲಿ ಪಣ್ಣವಾಡಿಯ ಮುಳುಗಿದ ಹಳೆಯ ದೇವಾಲಯದ ಗೋಪುರಗಳು ಮೇಲೆ ನಿಂತಿರುತ್ತವೆ.

ಒಂದೇ ಪಂದ್ಯ ಕಟ್ಟಿದರೆ ಗೆಲ್ಲುವ ಸಂಭವ ನೂರಕ್ಕೆ 48.6. ಒಂದೇ ಮೊತ್ತದ ನೂರು ಪಂದ್ಯಗಳಾದ ಮೇಲೆ ಲಾಭದಲ್ಲಿರುವವರು ನೂರು ಜನರಲ್ಲಿ ಸುಮಾರು 36. ಸಾವಿರ ಪಂದ್ಯಗಳಾದ ಮೇಲೆ ಸುಮಾರು 19. ಹತ್ತು ಸಾವಿರವಾದಾಗ ಸಾವಿರ ಜನರಲ್ಲಿ ಮೂವರು. ಆ ಮೂವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಉಳಿದ 997 ಜನ ಮನೆಯಲ್ಲೂ ಬಾಯಿ ಬಿಡುವುದಿಲ್ಲ.

ಇನ್ನು ದುಪ್ಪಟ್ಟು ಕಟ್ಟುವ ಉಪಾಯ. ಇದು ಹಳೆಯದು, ಮಾರ್ಟಿಂಗೇಲ್ ಎಂದು ಹೆಸರು. ಎಂಟು ಸಲ ಸತತ ಸೋಲು ಬಂತೆನ್ನಿ: 100, 200, 400, 800, 1,600, 3,200, 6,400, 12,800. ಒಟ್ಟು 25,500 ರೂಪಾಯಿ. ಎಂಟು ಸೋಲು ಸಾಲಾಗಿ ಬರುವ ಸಂಭವ ಸುಮಾರು 207 ಸರದಿಗೆ ಒಮ್ಮೆ. ಉಳಿದ 206 ಸರದಿಗಳಲ್ಲಿ ನೂರರಂತೆ ಗೆದ್ದದ್ದು 20,600. ಒಂದೇ ಏಟಿಗೆ ಹೋಗುವುದು 25,500. ಒಂಬತ್ತನೆಯ ಸಲ ಕಟ್ಟಲು 25,600 ಬೇಕು, ಅದೂ ನೂರು ರೂಪಾಯಿ ಲಾಭಕ್ಕೆ! ಇದ್ದರೂ ಕಟ್ಟಲು ಬಿಡುವುದಿಲ್ಲ; ಪ್ರತಿ ಮೇಜಿಗೂ ಗರಿಷ್ಠ ಪಂದ್ಯದ ಮಿತಿ ಇರುತ್ತದೆ. 207 ಸರದಿ ಎಂದರೆ ಚಕ್ರ 420 ಸಲ ಚಿಲ್ಲರೆ ತಿರುಗಬೇಕು. ಮೇಜಿನ ಮುಂದೆ ಕುಳಿತು ಆಡಿದರೆ ಅದು ಎರಡು ರಾತ್ರಿಯ ಕೆಲಸ. ಹತ್ತು ಸೆಕೆಂಡಿಗೊಮ್ಮೆ ತಿರುಗುವ ಮೊಬೈಲಿನಲ್ಲಾದರೆ ಒಂದು ಗಂಟೆ ಹತ್ತು ನಿಮಿಷ. ಆ ಮೊಬೈಲಿನ ಚಕ್ರ ನಿಜವಾಗಿ ತಿರುಗುತ್ತದೋ ಇಲ್ಲವೋ ನೋಡಿದವರಾರು?

"ಎಷ್ಟೋ ಸಲ ಕಪ್ಪು ಬಂದಮೇಲೆ ಕೆಂಪು ಬರಲೇಬೇಕಲ್ಲ" ಎಂಬ ಮಾತಿಗೂ ಉತ್ತರವಿದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಸತತ 26 ಸಲ ಕಪ್ಪೇ ಬಂತೆಂದು ಪ್ರಸಿದ್ಧವಾಗಿದೆ. ಈಗ ಕೆಂಪು, ಈಗ ಕೆಂಪು ಎಂದು ಹಣ ಸುರಿದವರೆಲ್ಲ ಸೋತರು. ಚಕ್ರಕ್ಕೆ ನೆನಪಿಲ್ಲ, ಪ್ರತಿ ಸಲವೂ ಅದು ಹೊಸದು. ಮುಂದೆ ಸಾವಿರಾರು ಸಲ ತಿರುಗಿದಾಗ ಆ 26 ಕಪ್ಪು ಲೆಕ್ಕದಲ್ಲಿ ಕರಗಿಹೋಗುತ್ತವೆಯೇ ಹೊರತು ಅದಕ್ಕೆ ಬದಲಾಗಿ ಯಾರೂ 26 ಕೆಂಪು ಕೊಡುವುದಿಲ್ಲ.

ಈ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಬ್ಲೇಸ್ ಪ್ಯಾಸ್ಕಲ್ ಒಬ್ಬರು. 1654ರಲ್ಲಿ ಫರ್ಮಾ ಎಂಬ ಗಣಿತಜ್ಞರಿಗೆ ಜೂಜಿನ ಹಣ ಹಂಚುವ ಲೆಕ್ಕದ ಬಗ್ಗೆ ಪತ್ರಗಳನ್ನು ಬರೆದರು. ಅದೇ ವರ್ಷ ನವೆಂಬರ್ 23ರ ರಾತ್ರಿ ಅವರಿಗಾದ ದೈವಾನುಭವವನ್ನು ಸೆಮಿನರಿಯಲ್ಲಿ ನಮಗೆ ಪಾಠ ಮಾಡಿದರು. ಪತ್ರಗಳ ಪಾಠ ಮಾಡಿದವರಿಲ್ಲ. ಮಾಡಬೇಕಿತ್ತು.

ನಮ್ಮೂರ ಕಡೆಯ ಅಂದರ್ ಬಾಹರ್ ಮಾತ್ರ ಸಮಸಮವಲ್ಲವೇ ಎನ್ನಬಹುದು. ತಮಿಳರು ಮಂಗಾತ್ತಾ ಎನ್ನುವುದು ಇದನ್ನೇ. ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವ ಸಂಭವ ನೂರಕ್ಕೆ 51.5, ಇನ್ನೊಂದು ಕಡೆಗೆ 48.5. ಕ್ಯಾಸಿನೊಗಳು ಇದನ್ನು ಬಲ್ಲವು. ಹಲವೆಡೆ ಮೊದಲ ಕಡೆ ಗೆದ್ದರೆ ನೂರಕ್ಕೆ ತೊಂಬತ್ತೇ ಕೊಡುತ್ತಾರೆ. ಆಗ ಯಾವ ಕಡೆ ಕಟ್ಟಿದರೂ ಎರಡು ಮೂರು ರೂಪಾಯಿ ಕಟ್ಟೆಯವನಿಗೆ. ತೋಟದ ಮರೆಯಲ್ಲಿ ಆಡಿಸುವವನು ಗೆದ್ದವರಿಂದ ಪಾಲು ಹಿಡಿದುಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಹಬ್ಬದ ದಿನ ದೇವಾಲಯದಲ್ಲೇ ತಂಬೋಲಾ ಆಡಿಸುತ್ತೀರಲ್ಲ ಸ್ವಾಮಿ ಎಂದು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ನಮ್ಮ ತಂಬೋಲಾದಲ್ಲಿ ಉಳಿಸಿಕೊಳ್ಳುವ ಪಾಲು ರೂಲೆಟ್‌ಗಿಂತ ಎಷ್ಟೋ ಹೆಚ್ಚು! ಆದರೆ ಹತ್ತು ರೂಪಾಯಿಯ ಚೀಟಿ ಕೊಂಡವರಿಗೆ ಅದು ಚಾವಣಿ ರಿಪೇರಿಗೆ ಹೋಗುತ್ತದೆಂದು ಗೊತ್ತು, ಸೋತದ್ದನ್ನು ಹಿಂದಕ್ಕೆ ಪಡೆಯಲು ಯಾರೂ ಬಳೆ ಮಾರುವುದಿಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2413ನೇ ಪರಿಚ್ಛೇದವೂ ಆಟ, ಪಂದ್ಯಗಳನ್ನು ತಮ್ಮಷ್ಟಕ್ಕೆ ಅನ್ಯಾಯವೆನ್ನುವುದಿಲ್ಲ. ತನಗೂ ತನ್ನವರಿಗೂ ಬೇಕಾದದ್ದನ್ನು ಕಸಿದುಕೊಂಡಾಗ ಅವು ಒಪ್ಪತಕ್ಕವಲ್ಲ, ಚಟವಾದರೆ ದಾಸ್ಯ ಎನ್ನುತ್ತದೆ.

ಕಾನೂನು ತನ್ನ ಕೆಲಸ ಮಾಡುತ್ತಿದೆ. ತಮಿಳುನಾಡು 2003ರ ಜನವರಿಯಲ್ಲಿ, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆದರೂ ಹೊರದೇಶದ ಆ್ಯಪ್‌ಗಳು ಬೇರೆ ಬೇರೆ ಹೆಸರಿನಲ್ಲಿ ನುಸುಳುತ್ತಿವೆ.

ಆ ಯುವಕನ ನೋಟ್‌ಬುಕ್ಕಿನಲ್ಲಿ ಗೆದ್ದ ಸರದಿಗಳಷ್ಟೇ ಇದ್ದವು. ಸೋತದ್ದನ್ನೂ ಬರೆದುಕೊಂಡು ಬಾ ತಮ್ಮ ಎಂದೆ. ಮುಂದಿನ ವಾರ ಹೆಂಡತಿಯೊಂದಿಗೆ ಬಂದ. ಮೂವರೂ ಕೂಡಿಸಿದೆವು: 41,300. ಗಿರವಿ ಬಿಡಿಸಲು ತಿಂಗಳಿಗೆ ಎಷ್ಟು ಎತ್ತಿಡಬೇಕೆಂದು ಅವಳೇ ಲೆಕ್ಕ ಹಾಕಿದಳು. ಅವನ ಬ್ಯಾಂಕ್ ಕಾರ್ಡು ಈಗ ಅವಳ ಹತ್ತಿರ ಇದೆ. ನಿಮ್ಮ ಮನೆಯಲ್ಲೂ ಇಂಥ ತೊಂದರೆ ಇದ್ದರೆ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ.