ತಂತಿ ಉಳಿಯಲಿ, ಹೊಗೆ ಅಳಿಯಲಿ

ಹವ್ಯಾಸವೆಂಬುದು ಬಿಡುವಿನ ವೇಳೆಯ ವಿನೋದ ಮಾತ್ರವೆಂದು ತಿಳಿದವರು ಬಹು ಮಂದಿ. ಆದರೆ ಮುಂಬಯಿಯಂತಹ ಮಹಾನಗರದಲ್ಲಿ ಹವ್ಯಾಸಕ್ಕೂ ಒಂದು ನಾಗರಿಕ ಧರ್ಮವುಂಟು. ಇಲ್ಲಿ ಒಬ್ಬನ ಅಂಗಳಕ್ಕೆ ಇನ್ನೊಬ್ಬನ ಕಿಟಕಿ ತೆರೆದಿರುತ್ತದೆ. ಒಬ್ಬನ ಆಟ ಇನ್ನೊಬ್ಬನ ನಿದ್ರಾಭಂಗವಾಗುತ್ತದೆ. ಆದುದರಿಂದ ನಮ್ಮ ಶಾಲೆಯ ಮಾದರಿ ವಿಮಾನ ಕೂಟದ ಮುಂದೆ ಈಗ ಬಂದು ನಿಂತಿರುವ ಒಂದು ಪ್ರಶ್ನೆಯನ್ನು ಕುರಿತು ವಿದ್ಯಾರ್ಥಿಗಳೊಡನೆ ನಾಲ್ಕು ಮಾತನಾಡುವುದು ಉಚಿತವೆಂದು ಭಾವಿಸಿದ್ದೇವೆ.

ಪ್ರಶ್ನೆ ಇದು: ತಂತಿ ಹಿಡಿದು ಹಾರಿಸುವ ನಮ್ಮ ‘ಕಂಟ್ರೋಲ್ ಲೈನ್’ ವಿಮಾನಗಳಲ್ಲಿ ಎಣ್ಣೆಯ ಎಂಜಿನ್ನೇ ಮುಂದುವರಿಯಬೇಕೇ, ಇಲ್ಲವೆ ಅದರ ಸ್ಥಾನದಲ್ಲಿ ವಿದ್ಯುತ್ ಮೋಟಾರನ್ನು ಇರಿಸಿ ನೋಡಬೇಕೇ? ಇರಿಸಿ ನೋಡಲೇಬೇಕೆಂಬುದು ನಮ್ಮ ಮತ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇವೆ.

ಹೊಸದಾಗಿ ಬಂದ ವಿದ್ಯಾರ್ಥಿಗಳಿಗಾಗಿ ಈ ವಿಮಾನದ ರಚನೆಯನ್ನು ಮೊದಲು ತಿಳಿಸಬೇಕು. ಹಾರಿಸುವವನು ಬಯಲಿನ ನಡುವೆ ನಿಂತು ಒಂದು ಹಿಡಿಯನ್ನು ಹಿಡಿದಿರುತ್ತಾನೆ. ಹಿಡಿಯಿಂದ ಹೊರಟ ಎರಡು ಸಣ್ಣ ಉಕ್ಕಿನ ತಂತಿಗಳು ವಿಮಾನದ ಒಂದು ರೆಕ್ಕೆಯ ಮೂಲಕ ಒಳಹೊಕ್ಕು, ‘ಬೆಲ್‌ಕ್ರ್ಯಾಂಕ್’ ಎಂಬ ಪುಟ್ಟ ಸನ್ನೆಗೆ ಸೇರುತ್ತವೆ. ಕೈಯನ್ನು ಹಿಂದಕ್ಕೆ ಬಾಗಿಸಿದರೆ ಸನ್ನೆಯು ತಿರುಗಿ, ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಯನ್ನು ಮೇಲೆತ್ತುತ್ತದೆ, ವಿಮಾನವು ಏರುತ್ತದೆ. ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಜಿಮ್ ವಾಕರ್ ಎಂಬಾತನು ೧೯೪೦ರ ಸುಮಾರಿನಲ್ಲಿ ಈ ವಿಧಾನವನ್ನು ಜನಪ್ರಿಯಗೊಳಿಸಿದನು. ಗಮನಿಸಿರಿ, ಈ ತಂತಿಗಳಲ್ಲಿ ಹರಿಯುವುದು ವಿದ್ಯುತ್ತಲ್ಲ. ಹಾರಿಸುವವನ ಕೈಯ ಇಂಗಿತ.

ಹಿಡಿಯಿಂದ ವಿಮಾನದವರೆಗೆ ೧೨ ಮೀಟರು ಅಂತರವಿದೆಯೆನ್ನೋಣ. ಒಂದು ಸುತ್ತಿನ ಪರಿಧಿ ಸುಮಾರು ೭೫ ಮೀಟರು. ಅದನ್ನು ೫ ಸೆಕೆಂಡುಗಳಲ್ಲಿ ಸುತ್ತಿದರೆ ವೇಗವು ಸೆಕೆಂಡಿಗೆ ೧೫ ಮೀಟರು, ಅಂದರೆ ಗಂಟೆಗೆ ೫೪ ಕಿಲೋಮೀಟರು. ವಿಮಾನದ ತೂಕ ಕೇವಲ ಅರ್ಧ ಕಿಲೋಗ್ರಾಂ ಇದ್ದರೂ ಅದು ಕೈಯನ್ನು ಎಳೆಯುವ ಬಲವು ಸುಮಾರು ಒಂದು ಕಿಲೋಗ್ರಾಂ ತೂಕವನ್ನು ಹಿಡಿದಷ್ಟಾಗುತ್ತದೆ. ವೃತ್ತಗತಿಯ ಪಾಠವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಿಳಿಯದ ವಿಷಯವನ್ನು ಮುಂಗೈಯು ಒಂದೇ ಸುತ್ತಿನಲ್ಲಿ ತಿಳಿದುಕೊಳ್ಳುತ್ತದೆ. ಈ ವಿದ್ಯೆಯನ್ನು ನಮ್ಮ ಶಾಲೆಯು ಬಿಡಬಾರದೆಂದು ನಾವು ಹೇಳುವುದು ಇದಕ್ಕಾಗಿಯೇ.

ಆದರೆ ಬಿಡಬೇಕಾದ ಸಂದರ್ಭ ಬಂದೊದಗಿದೆ. ನಮ್ಮ ಕೂಟದ ಎಂಜಿನ್ನು ‘ಗ್ಲೋ’ ಜಾತಿಯದು. ೧೯೪೭ರಲ್ಲಿ ಅಮೆರಿಕದ ರೇ ಆರ್ಡನ್ ಎಂಬಾತನು ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ಗಿನಿಂದ ಇಂತಹ ಚಿಕ್ಕ ಎಂಜಿನ್ನುಗಳು ಲೋಕವ್ಯಾಪಿಯಾದುವು. ಇದರ ಇಂಧನದಲ್ಲಿ ಮೆಥನಾಲ್ ಇದೆ. ಜಾರುವಿಕೆಗಾಗಿ ನಮ್ಮ ಊರಿನ ಹರಳೆಣ್ಣೆಯೂ ಇದೆ! ಅಜ್ಜಿಯರು ತಲೆಗೆ ತಟ್ಟುತ್ತಿದ್ದ ಎಣ್ಣೆಯೇ ವಿಮಾನದ ಎಂಜಿನ್ನಿಗೂ ತಂಪೆರೆಯುವುದನ್ನು ಕಂಡು ನಗದ ವಿದ್ಯಾರ್ಥಿಯಿಲ್ಲ. ಆದರೆ ಅದರ ಕರ್ಕಶ ಧ್ವನಿಯನ್ನು ಕೇಳಿ ನಗುವ ನೆರೆಯವರಿಲ್ಲ. ನಮ್ಮ ಮೈದಾನದ ಮೂರು ಪಕ್ಕಗಳಲ್ಲಿಯೂ ವಸತಿ ಕಟ್ಟಡಗಳಿವೆ. ಹೋದ ವರ್ಷ ಅಲ್ಲಿನ ನಿವಾಸಿಗಳು ಶಾಲೆಗೆ ದೂರು ಬರೆದರು. ದೂರು ಅನ್ಯಾಯವಾದುದಲ್ಲ. ಅವರಲ್ಲಿ ರಾತ್ರಿ ಪಾಳಿಯ ಕೆಲಸ ಮುಗಿಸಿ ಹಗಲು ಮಲಗುವವರಿದ್ದಾರೆ; ರೋಗಿಗಳಿದ್ದಾರೆ; ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಅಂದಿನಿಂದ ಮೈದಾನದಲ್ಲಿ ಎಂಜಿನ್ನಿನ ವಿಮಾನ ಹಾರಿಲ್ಲ.

ಈಗ ಕೆಲವರು ಕೂಟವನ್ನೇ ಮುಚ್ಚೋಣವೆನ್ನುತ್ತಾರೆ. ಕೆಲವರು ನಗರದ ಹೊರಗಿನ ಬಯಲಿಗೆ ಹೋಗೋಣವೆನ್ನುತ್ತಾರೆ. ಬೆಳಿಗ್ಗೆ ಹಾಲಿನ ಪೊಟ್ಟಣ ಹಂಚಿ ಶಾಲೆಗೆ ಬರುವ ಬಾಲಕನಿಗೂ, ಸಂಜೆ ತಾಯಿಯ ಕೆಲಸಕ್ಕೆ ಕೈಜೋಡಿಸುವ ಬಾಲಕಿಗೂ ರವಿವಾರದಂದು ಲೋಕಲ್ ರೈಲಿನಲ್ಲಿ ಮೂರು ತಾಸು ಕಳೆಯುವ ಅನುಕೂಲವೆಲ್ಲಿದೆ? ಬಯಲು ದೂರ ಹೋದರೆ ಹವ್ಯಾಸವು ಉಳ್ಳವರ ಸೊತ್ತಾಗುತ್ತದೆ. ಉಳಿದ ಮಾರ್ಗವೆಂದರೆ ಮೈದಾನವನ್ನು ಬದಲಿಸದೆ ಎಂಜಿನ್ನನ್ನು ಬದಲಿಸುವುದು.

ವಿದ್ಯುತ್ತಿನಿಂದ ಹಾರುವ ಕನಸು ಹೊಸದೇನೂ ಅಲ್ಲ. ೧೮೮೩ರಲ್ಲಿ ಫ್ರಾನ್ಸಿನ ಟಿಸಾಂಡಿಯೇ ಸಹೋದರರು ವಿದ್ಯುತ್ ಮೋಟಾರಿನ ವಾಯುನೌಕೆಯನ್ನು ಹಾರಿಸಿದರು. ಮರುವರ್ಷ, ೧೮೮೪ರ ಆಗಸ್ಟ್ ೯ರಂದು, ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯು ೨೩ ನಿಮಿಷಗಳಲ್ಲಿ ಸುಮಾರು ೮ ಕಿಲೋಮೀಟರು ಸಂಚರಿಸಿ ಹೊರಟ ಸ್ಥಳಕ್ಕೇ ಮರಳಿತು. ೧೯೫೭ರಲ್ಲಿ ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಎಂಬವರು ಬೆಳ್ಳಿ-ಸತುವಿನ ಬ್ಯಾಟರಿಯಿಂದ ರೇಡಿಯೋ ನಿಯಂತ್ರಣದ ಮಾದರಿ ವಿಮಾನವೊಂದನ್ನು ಹಾರಿಸಿದರು. ಕನಸು ಇತ್ತು, ಮೋಟಾರೂ ಇತ್ತು. ಕೊರತೆಯಿದ್ದುದು ಹಗುರವಾದ ಬ್ಯಾಟರಿಯದು. ೧೯೯೧ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದ ಮೇಲೆ ಆ ಕೊರತೆ ಕ್ರಮೇಣ ನೀಗಿತು. ಅದನ್ನು ಸಾಧ್ಯಗೊಳಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯರನ್ನು ಹೊತ್ತೊಯ್ಯುವ ‘ವೆಲಿಸ್ ಇಲೆಕ್ಟ್ರೋ’ ಎಂಬ ಸಂಪೂರ್ಣ ವಿದ್ಯುತ್ ವಿಮಾನಕ್ಕೆ ೨೦೨೦ರಲ್ಲಿ ಯೂರೋಪಿನ ಪ್ರಮಾಣಪತ್ರವೂ ಲಭಿಸಿತು. ಹೀಗಿರಲು ನಮ್ಮ ಅರ್ಧ ಕಿಲೋಗ್ರಾಮಿನ ವಿಮಾನವನ್ನು ಹಾರಿಸಲು ಹಿಂಜರಿಯಬೇಕೇಕೆ?

ತಂತಿಯ ವಿಮಾನಕ್ಕೂ ವಿದ್ಯುತ್ ಮೋಟಾರಿಗೂ ವಿಶೇಷವಾದ ಹೊಂದಾಣಿಕೆಯುಂಟು. ಎಂಜಿನ್ನಿನ ವಿಮಾನದಲ್ಲಿ ಇಂಧನ ಉರಿದಂತೆಲ್ಲ ಮೂತಿಯ ಬಳಿಯ ತೊಟ್ಟಿ ಬರಿದಾಗಿ ಭಾರಕೇಂದ್ರವು ಹಿಂದೆ ಸರಿಯುತ್ತದೆ. ಆರಂಭದಲ್ಲಿದ್ದ ವಿಮಾನ ಬೇರೆ, ಅಂತ್ಯದಲ್ಲಿರುವ ವಿಮಾನ ಬೇರೆ. ಬ್ಯಾಟರಿಯ ತೂಕ ಬದಲಾಗುವುದಿಲ್ಲವಾದ್ದರಿಂದ ಮೊದಲ ಸುತ್ತಿನ ಸಮತೋಲವೇ ಕೊನೆಯ ಸುತ್ತಿನಲ್ಲಿಯೂ ಇರುತ್ತದೆ. ವಿಮಾನ ಏರುವಾಗ ಪ್ರೊಪೆಲರಿನ ಮೇಲೆ ಹೊರೆ ಹೆಚ್ಚುತ್ತದಷ್ಟೆ. ಆಗ ಮೋಟಾರಿನ ಜೊತೆಗಿರುವ ನಿಯಂತ್ರಕವು ಹೆಚ್ಚು ಶಕ್ತಿಯನ್ನು ಒದಗಿಸಿ, ಅದರ ಸುತ್ತುಗಳ ಸಂಖ್ಯೆ ಕುಗ್ಗದಂತೆ ಕಾಯುತ್ತದೆ. ಹಾರಿಸುವವನ ಕೈಯಲ್ಲಿ ರೇಡಿಯೋ ಇಲ್ಲದ ಕಾರಣ, ನಿಗದಿತ ವೇಳೆಗೆ ಮೋಟಾರನ್ನು ನಿಲ್ಲಿಸುವ ಪುಟ್ಟ ಟೈಮರನ್ನೂ ವಿಮಾನದೊಳಗೇ ಇಡಬಹುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತಂತಿಯ ವಿಮಾನಗಳಿಂದ ಕಸರತ್ತು ಮಾಡಿಸುವ ನಿಪುಣರು ಅನೇಕರು ಈಗ ವಿದ್ಯುತ್ತನ್ನೇ ಆರಿಸಿಕೊಂಡಿರುವುದು ಈ ಗುಣಗಳಿಂದಲೇ.

ಲೆಕ್ಕವನ್ನೂ ನೋಡೋಣ. ೧೧.೧ ವೋಲ್ಟಿನ, ೧೩೦೦ ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು ೧೪.೪ ವಾಟ್-ಗಂಟೆ ಶಕ್ತಿಯಿದೆ. ಬ್ಯಾಟರಿಯ ಆಯುಷ್ಯಕ್ಕಾಗಿ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಬಳಸಬೇಕು, ಅಂದರೆ ೧೧.೫ ವಾಟ್-ಗಂಟೆ. ಅರ್ಧ ಕಿಲೋಗ್ರಾಮಿನ ವಿಮಾನಕ್ಕೆ ೧೧೦ ವಾಟ್ ಬೇಕೆಂದಿಟ್ಟುಕೊಂಡರೆ ಆರು ನಿಮಿಷಕ್ಕೆ ಸಾಲುವಷ್ಟಾಯಿತು. ಟೈಮರನ್ನು ಐದು ನಿಮಿಷಕ್ಕೆ ಇರಿಸಿದರೆ ಅರುವತ್ತು ಸುತ್ತುಗಳು! ಅರುವತ್ತು ಸುತ್ತು ತಿರುಗಿದ ಮೇಲೂ ತಲೆ ತಿರುಗದೆ ನಿಲ್ಲುವ ಹುಡುಗನನ್ನು ನಾವಿನ್ನೂ ಕಾಣಬೇಕಾಗಿದೆ.

ಇನ್ನು ಆಕ್ಷೇಪಗಳು. ಎಂಜಿನ್ನು ಕಲಿಸುವ ಪಾಠವು ಮೋಟಾರಿನಲ್ಲಿ ಇಲ್ಲವೆಂಬುದು ಹಿರಿಯ ವಿದ್ಯಾರ್ಥಿಗಳ ವಾದ. ಸೂಜಿಕವಾಟವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಯಿಂದಲೇ ಎಂಜಿನ್ನಿನ ಆರೋಗ್ಯವನ್ನು ತಿಳಿಯುವುದು ಒಂದು ಕಲೆಯೇ ಸರಿ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಳೆಯ ಎಂಜಿನ್ನನ್ನು ಪ್ರಯೋಗಶಾಲೆಯಲ್ಲಿ ಬಿಚ್ಚಿ ಜೋಡಿಸುವ ಅಭ್ಯಾಸ ಮುಂದುವರಿಯಲಿ. ಆದರೆ ಮೋಟಾರಿಗೂ ತನ್ನದೇ ಆದ ಪಾಠವುಂಟು: ವೋಲ್ಟು, ಆಂಪಿಯರು, ವಾಟುಗಳು ಪುಸ್ತಕದಿಂದ ಎದ್ದು ಬಂದು ಅಂಗೈಯಲ್ಲಿ ಬಿಸಿಯಾಗುತ್ತವೆ.

ಡ್ರೋನ್ ಇರುವಾಗ ದಾರದ ವಿಮಾನವೇಕೆ ಎಂದು ಕೇಳುವವರೂ ಇದ್ದಾರೆ. ಡ್ರೋನ್ ಬಹುಮಟ್ಟಿಗೆ ತನ್ನ ಸಮತೋಲವನ್ನು ತಾನೇ ಕಾಪಾಡಿಕೊಳ್ಳುತ್ತದೆ. ತಂತಿಯ ವಿಮಾನವಾದರೋ ಗಾಳಿಯ ಪ್ರತಿಯೊಂದು ಹೊಡೆತವನ್ನೂ ಕೈಗೆ ವರದಿ ಮಾಡುತ್ತದೆ. ಸಮತೋಲವನ್ನು ವಿದ್ಯಾರ್ಥಿಯೇ ಕಾಯಬೇಕು. ಮೇಲಾಗಿ ಅದು ತನ್ನ ವೃತ್ತವನ್ನು ಬಿಟ್ಟು ಯಾರ ಕಿಟಕಿಯನ್ನೂ ಇಣುಕುವುದಿಲ್ಲ. ಆದುದರಿಂದ ಬದಲಾಗಬೇಕಾದುದು ತಂತಿಯಲ್ಲ.

ವೆಚ್ಚದ ಪ್ರಶ್ನೆ ದೊಡ್ಡದು. ಮೋಟಾರು, ನಿಯಂತ್ರಕ, ಬ್ಯಾಟರಿ, ಚಾರ್ಜರು ಇವೆಲ್ಲಕ್ಕೂ ಆರಂಭದಲ್ಲಿಯೇ ಹಣ ಬೇಕು. ಆದರೆ ಒಬ್ಬೊಬ್ಬರಿಗೂ ಒಂದೊಂದು ಕೊಳ್ಳಬೇಕಾಗಿಲ್ಲ. ಒಂದು ವಿಮಾನ, ಎರಡು ಬ್ಯಾಟರಿ, ಒಂದು ಚಾರ್ಜರು ಕೂಟಕ್ಕೆಲ್ಲ ಸಾಕು. ವಿದ್ಯುತ್ತು ನಿಷ್ಕಳಂಕವೆಂದೂ ನಾವು ಹೇಳುವುದಿಲ್ಲ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುತ್ತದೆ. ಹೊಗೆಯು ನಮ್ಮ ಮೈದಾನದಿಂದ ಅಳಿದರೂ ಬೇರೆಲ್ಲೋ ಏಳುತ್ತಿರುತ್ತದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಸವೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಪ್ಪಿಸಬೇಕು. ಸದ್ದು ಕೂಡ ಪೂರ್ಣವಾಗಿ ಅಡಗುವುದಿಲ್ಲ. ಪ್ರೊಪೆಲರು ಗಾಳಿಯನ್ನು ಸೀಳುವ ಧ್ವನಿ ಇದ್ದೇ ಇರುತ್ತದೆ. ಆದರೆ ಅದು ಎಂಜಿನ್ನಿನ ಆರ್ಭಟವಲ್ಲ.

ಜಾಗರೂಕತೆಯ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಲಿಥಿಯಂ ಬ್ಯಾಟರಿ ಜಜ್ಜಿದರೆ, ಚುಚ್ಚಿದರೆ, ಮಿತಿಮೀರಿ ಚಾರ್ಜ್ ಮಾಡಿದರೆ ಹೊತ್ತಿಕೊಳ್ಳಬಲ್ಲದು. ಉಬ್ಬಿದ ಬ್ಯಾಟರಿಯನ್ನು ಬಳಸಕೂಡದು. ಚಾರ್ಜ್ ಮಾಡುವಾಗ ಬೆಂಕಿ ಹತ್ತದ ನೆಲದ ಮೇಲೆ ಇರಿಸಿ, ಹಿರಿಯರೊಬ್ಬರು ಬಳಿಯಲ್ಲಿರಬೇಕು. ಎಂಜಿನ್ನು ಗರ್ಜಿಸಿ ಎಚ್ಚರಿಸುತ್ತದೆ, ಮೋಟಾರು ಎಚ್ಚರಿಸದೆ ತಿರುಗಿಬಿಡುತ್ತದೆ. ಆದುದರಿಂದ ಬ್ಯಾಟರಿ ಜೋಡಿಸಿದ ಕ್ಷಣದಿಂದ ಪ್ರೊಪೆಲರಿನ ಎದುರು ಬೆರಳೂ ಬರಬಾರದು, ಮುಖವೂ ಬರಬಾರದು. ವಿದ್ಯುತ್ ಕಂಬದ ತಂತಿಗಳಿರುವಲ್ಲಿ, ಗುಡುಗು ಮಿಂಚಿನ ದಿನಗಳಲ್ಲಿ ಉಕ್ಕಿನ ತಂತಿಯ ವಿಮಾನವನ್ನು ಎಂದಿಗೂ ಹಾರಿಸಬಾರದು. ನೋಡುವವರು ವೃತ್ತದಿಂದ ಬಹು ದೂರ ನಿಲ್ಲತಕ್ಕದ್ದು.

ಕೊನೆಯದಾಗಿ ಒಂದು ಮಾತು. ಇಂತಹ ಯಂತ್ರವಿದ್ಯೆ ಇಂಗ್ಲಿಷ್ ಮಾಧ್ಯಮದವರಿಗೆ ಮಾತ್ರ ಸಲ್ಲುವುದೆಂಬ ಭಾವನೆ ನಮ್ಮ ಕೆಲವು ಮಕ್ಕಳಲ್ಲಿ ಬೇರೂರಿದೆ. ನಾವೂ ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಈ ನಗರಕ್ಕೆ ಬಂದವರು. ಸನ್ನೆ, ಸಮತೋಲ, ಭಾರಕೇಂದ್ರ, ವೃತ್ತಗತಿ ಎಂಬ ಮಾತುಗಳಲ್ಲಿ ಯೋಚಿಸಿ ಕಟ್ಟಿದ ವಿಮಾನವು ಗಾಳಿಯಲ್ಲಿ ಕೆಳಗೆ ಬೀಳುವುದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆವು. ೧೯೪೦ರಲ್ಲಿ ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ವಿಮಾನದ ವಿಷಯದಲ್ಲಿ ಈ ನಗರಕ್ಕೂ ಕನ್ನಡ ನಾಡಿಗೂ ಅಂದೇ ನಂಟು ಬೆಳೆದಿದೆ. ಅದನ್ನು ಮುಂದುವರಿಸುವ ಹಕ್ಕು ನಮ್ಮ ಮಕ್ಕಳಿಗೂ ಇದೆ.

ಆದುದರಿಂದ ಕೂಟಕ್ಕೆ ನಮ್ಮ ಸಲಹೆ ಇಷ್ಟು. ಮಳೆಗಾಲ ಮುಗಿದೊಡನೆ ಒಂದೇ ಒಂದು ವಿದ್ಯುತ್ ವಿಮಾನವನ್ನು ಕಟ್ಟೋಣ. ಮೊದಲ ಹಾರಾಟಕ್ಕೆ ಮುನ್ನ ನೆರೆಮನೆಯವರಿಗೆ ತಿಳಿಸಿ, ಅವರನ್ನೂ ಆಹ್ವಾನಿಸೋಣ. ಪ್ರತಿಯೊಂದು ಹಾರಾಟದ ವೇಳೆ, ಬಳಸಿದ ಶಕ್ತಿ, ಆದ ದುರಸ್ತಿ, ನೆರೆಯವರ ಅಭಿಪ್ರಾಯ ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡೋಣ. ವರ್ಷಾಂತ್ಯದಲ್ಲಿ ಆ ಪುಸ್ತಕವೇ ತೀರ್ಪು ಕೊಡಲಿ. ಪ್ರಯೋಗವು ಗೆದ್ದರೆ ಮೈದಾನ ಉಳಿಯುತ್ತದೆ; ಸೋತರೆ ಏಕೆ ಸೋತಿತೆಂಬುದು ಮುಂದಿನ ಮಕ್ಕಳಿಗೆ ತಿಳಿಯುತ್ತದೆ. ಪರೀಕ್ಷಿಸದೆಯೇ ಬಾಗಿಲು ಮುಚ್ಚುವುದು ಮಾತ್ರ ವಿದ್ಯಾಲಯಕ್ಕೆ ಶೋಭಿಸುವ ಮಾತಲ್ಲ.